ಹೇಳುವ ಬಾಯಿ, ಬರೆಯುವ ಕೈ: ಹೊಸಪೇಟೆ ಸೀಮೆಯ ಲೆಕ್ಕದ ಚರಿತ್ರೆ

ಮಾರ್ಚ್ ತಿಂಗಳ ಕೊನೆಯ ವಾರದಲ್ಲಿ ಹೊಸಪೇಟೆಯ ಯಾವುದೇ ಆಡಿಟರ್ ಕಚೇರಿಗೆ ಹೋದರೂ ಒಂದು ದೃಶ್ಯ ತಪ್ಪದೆ ಕಾಣಸಿಗುತ್ತದೆ. ಟಯರ್ ಅಂಗಡಿಯವರು, ಗುಜರಿ ವ್ಯಾಪಾರಿಗಳು, ಬೇಕರಿಯವರು, ಒಂದೋ ಎರಡೋ ಲಾರಿಗಳ ಮಾಲೀಕರು ಕೈಯಲ್ಲೊಂದು ಪ್ಲಾಸ್ಟಿಕ್ ಚೀಲ ಹಿಡಿದು ಬೆಂಚಿನ ಮೇಲೆ ಕುಳಿತಿರುತ್ತಾರೆ. ಆ ಚೀಲದೊಳಗೆ ಇಡೀ ವರ್ಷದ ವ್ಯಾಪಾರವಿರುತ್ತದೆ: ಬಿಲ್ಲುಗಳು, ಪಾಸ್‌ಬುಕ್ಕು, ಅಕ್ಷರ ಮಸುಕಾದ ಡೀಸೆಲ್ ಚೀಟಿಗಳು, ಸಿಗರೇಟು ಪೊಟ್ಟಣದ ಹಿಂಬದಿಯಲ್ಲಿ ಗೀಚಿದ ಉದ್ರಿ ಲೆಕ್ಕ. ಸರದಿ ಬಂದಾಗ ಚೀಲವನ್ನು ಮೇಜಿನ ಮೇಲಿಟ್ಟು, "ಎಲ್ಲಾ ಇದರಾಗ ಐತ್ರಿ, ನೀವೇ ನೋಡ್ಕೊಳ್ರಿ" ಎಂದು ಹೇಳಿ ಎದ್ದು ಹೋಗುವವರೇ ಹೆಚ್ಚು. ತಿಂಗಳುಗಳ ನಂತರ ಇಲಾಖೆಯಿಂದ ನೋಟಿಸ್ ಬಂದರೆ ಅದೇ ಬಾಯಿ, "ಆಡಿಟರ್ ಏನೋ ತಪ್ಪು ಮಾಡ್ಯಾನ" ಎನ್ನುತ್ತದೆ.

ವ್ಯಾಪಾರಿಗೂ ಅವನ ಲೆಕ್ಕ ಬರೆಯುವವನಿಗೂ ಇರುವ ಈ ಸಂಬಂಧ ನಮ್ಮ ಸೀಮೆಯಲ್ಲಿ ಬಹಳ ಹಳೆಯದು. ಹಂಪಿಯ ಕಲ್ಲುಗಳ ನಡುವೆ, ಕಂಪ್ಲಿಯ ಮಂಡಿಗಳಲ್ಲಿ, ಸಂಡೂರಿನ ಗಣಿ ದಾರಿಗಳಲ್ಲಿ ಅದರ ಗುರುತುಗಳಿವೆ. ಆ ಚರಿತ್ರೆಯನ್ನು ಹೇಳುವುದಕ್ಕೆ ಮೊದಲು ಒಂದು ಸೂಕ್ತವನ್ನು ನೆನಪಿಸಿಕೊಳ್ಳಬೇಕಾಗುತ್ತದೆ.

ಪವಿತ್ರ ಕುರ್‌ಆನಿನ ಅತಿ ದೀರ್ಘವಾದ ಸೂಕ್ತ ಅಲ್ ಬಕರಃ ಅಧ್ಯಾಯದ 282ನೆಯದು ಎಂಬುದನ್ನು ಮದ್ರಸದ ಮಕ್ಕಳೂ ಬಲ್ಲರು. ಅದರ ವಿಷಯವೇನೆಂದು ಕೇಳಿದರೆ ಹಿರಿಯರೂ ಒಮ್ಮೊಮ್ಮೆ ತಡವರಿಸುತ್ತಾರೆ. ಅದರ ವಿಷಯ ಲೆಕ್ಕದ ಬರವಣಿಗೆ. ವಾಯಿದೆಯ ಮೇಲೆ ಸಾಲದ ವ್ಯವಹಾರ ಮಾಡುವಾಗ ಅದನ್ನು ಬರೆದಿಡಬೇಕು, ಬರೆಯುವವನು ನ್ಯಾಯದಿಂದ ಬರೆಯಬೇಕು, ಅಲ್ಲಾಹನು ತನಗೆ ಕಲಿಸಿದ ವಿದ್ಯೆಯನ್ನು ಬಳಸಲು ಅವನು ನಿರಾಕರಿಸಬಾರದು, ಮೊತ್ತ ಸಣ್ಣದಿರಲಿ ದೊಡ್ಡದಿರಲಿ ಬರೆಯಲು ಬೇಸರಪಡಬಾರದು ಎಂದು ಆ ಸೂಕ್ತ ವಿವರವಾಗಿ ವಿಧಿಸುತ್ತದೆ. ಕೈಯಿಂದ ಕೈಗೆ ನಡೆಯುವ ತಕ್ಷಣದ ವ್ಯಾಪಾರಕ್ಕೆ ಮಾತ್ರ ಬರೆಯುವ ವಿಷಯದಲ್ಲಿ ರಿಯಾಯಿತಿಯಿದೆ.

ಈ ವಿಧಿಯಲ್ಲಿ ಎರಡು ಅಂಶಗಳು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿವೆ. ಮೊದಲನೆಯದು, ಒಕ್ಕಣೆಯನ್ನು ಹೇಳಬೇಕಾದವನು ಸಾಲ ತೀರಿಸುವ ಹೊಣೆ ಹೊತ್ತವನು. ಬರೆಯುವವನು ತಾನಾಗಿ ಊಹಿಸಿ ಬರೆಯುವಂತಿಲ್ಲ, ಸಾಲ ಕೊಟ್ಟವನು ಹೇಳಿ ಬರೆಸುವಂತಿಲ್ಲ. ಯಾರ ತಲೆಯ ಮೇಲೆ ಹೊಣೆಯಿದೆಯೋ ಅವನ ಬಾಯಿಂದಲೇ ಮಾತು ಹೊರಡಬೇಕು. ಅವನು ಅಶಕ್ತನಾಗಿದ್ದರೆ ಅವನ ಪೋಷಕ ಹೇಳಬೇಕು. ಎರಡನೆಯದು ಸೂಕ್ತದ ಕೊನೆಯ ಭಾಗದಲ್ಲಿ ಬರುವ, ಬರೆಯುವವನನ್ನೂ ಸಾಕ್ಷಿಯನ್ನೂ ಕುರಿತ ಎಚ್ಚರಿಕೆ. ಅಲ್ಲಿ ಬಳಕೆಯಾಗಿರುವ ಅರಬಿ ಕ್ರಿಯಾಪದದ ರೂಪವನ್ನು ಎರಡು ರೀತಿಯಲ್ಲಿ ಓದಬಹುದು: ಬರೆಯುವವನಿಗೆ ಹಾನಿ ಮಾಡಬಾರದು ಎಂದೂ, ಬರೆಯುವವನು ಹಾನಿ ಮಾಡಬಾರದು ಎಂದೂ. ವ್ಯಾಖ್ಯಾನಕಾರರು ಎರಡು ಅರ್ಥಗಳನ್ನೂ ಎತ್ತಿ ಹೇಳಿದ್ದಾರೆ. ಮಾಲೀಕ ಮತ್ತು ಲೆಕ್ಕಿಗರ ಸಂಬಂಧದ ಎರಡೂ ದಿಕ್ಕುಗಳು ಒಂದೇ ಪದದಲ್ಲಿ ಅಡಕವಾಗಿವೆ.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿ ಬರೆಯುವವರು ಏನನ್ನು ಹಿಡಿದು ಯಾವುದರ ಮೇಲೆ ಬರೆಯುತ್ತಿದ್ದರು ಎಂಬುದನ್ನು ಕಣ್ಣಾರೆ ಕಂಡು ದಾಖಲಿಸಿದವರಲ್ಲಿ ಹೆರಾತಿನ ಅಬ್ದುರ್ರಝಾಕ್ ಪ್ರಮುಖರು. ತೈಮೂರನ ಮಗ ಶಾಹ್‌ರುಖನ ರಾಯಭಾರಿಯಾಗಿ ಅವರು 1443ರಲ್ಲಿ ಇಮ್ಮಡಿ ದೇವರಾಯನ ವಿಜಯನಗರಕ್ಕೆ ಬಂದರು. ಕಲ್ಲಿಕೋಟೆಯಲ್ಲಿ ಇಳಿದು, ಮಂಗಳೂರು ಮತ್ತು ಬೇಲೂರಿನ ಮೂಲಕ ಪ್ರಯಾಣಿಸಿ ತುಂಗಭದ್ರೆಯ ದಡ ತಲುಪಿದರು. ಕಲ್ಲಿಕೋಟೆಯಲ್ಲಿ ಅವರು ಮೆಚ್ಚಿದ್ದು ವ್ಯಾಪಾರಿಗಳ ನಿಶ್ಚಿಂತೆಯನ್ನು. ಸರಕನ್ನು ಇಳಿಸಿ ಪೇಟೆಗೆ ಕಳುಹಿಸಿದ ಮೇಲೆ ಅದರ ಕಾವಲನ್ನೂ ಲೆಕ್ಕವನ್ನೂ ಕುರಿತು ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಸುಂಕದ ಅಧಿಕಾರಿಗಳೇ ಹೊಣೆ ಹೊತ್ತು, ಮಾರಾಟವಾದರೆ ಮಾತ್ರ ನಲವತ್ತರಲ್ಲಿ ಒಂದು ಪಾಲನ್ನು ಪಡೆಯುತ್ತಿದ್ದರು ಎಂದು ಅವರು ಬರೆದಿದ್ದಾರೆ. ನಲವತ್ತರಲ್ಲಿ ಒಂದು ಪಾಲೆಂದರೆ ನಮ್ಮ ಝಕಾತಿನ ಶೇ. 2.5. ಈ ಹೊಂದಿಕೆ ಆಕಸ್ಮಿಕವೇ ಇರಬೇಕು, ಆದರೂ ಓದುವಾಗ ಮನಸ್ಸು ಒಂದು ಕ್ಷಣ ಅಲ್ಲಿ ನಿಲ್ಲುತ್ತದೆ.

ವಿಜಯನಗರದಲ್ಲಿ ಅವರು ಅರಮನೆಯ ಬಳಿಯ ದಿವಾನಖಾನೆಯನ್ನು ಕಂಡರು. ನಲವತ್ತು ಕಂಬಗಳ ಮಂಟಪದಂತಿದ್ದ ವಿಶಾಲ ಕಟ್ಟಡ; ಅದರ ಮುಂದೆ ಆಳೆತ್ತರಕ್ಕಿಂತ ಎತ್ತರವಾದ, ಮೂವತ್ತು ಗಜ ಉದ್ದ ಆರು ಗಜ ಅಗಲದ ಜಗಲಿ. ದಫ್ತರಗಳನ್ನು ಇರಿಸುತ್ತಿದ್ದದ್ದೂ ಲಿಪಿಕಾರರು ಕುಳಿತು ಬರೆಯುತ್ತಿದ್ದದ್ದೂ ಅಲ್ಲಿಯೇ. ಆ ಬರವಣಿಗೆ ಎರಡು ಬಗೆಯದೆಂದು ಅವರು ಗುರುತಿಸಿದರು. ಒಂದು, ಎರಡು ಗಜ ಉದ್ದ ಎರಡು ಬೆರಳಗಲದ ಗರಿಯ ಮೇಲೆ ಕಬ್ಬಿಣದ ಕಂಠದಿಂದ ಕೊರೆಯುವುದು. ಅದಕ್ಕೆ ಬಣ್ಣವಿಲ್ಲ, ಬಾಳಿಕೆಯೂ ಕಡಿಮೆ. ಇನ್ನೊಂದು, ಕಪ್ಪು ಬಳಿದ ಹಾಸಿನ ಮೇಲೆ, ಲೇಖನಿಯಂತೆ ಕೊಯ್ದ ಮೃದುವಾದ ಕಲ್ಲಿನಿಂದ ಬರೆಯುವುದು. ಅಕ್ಷರ ಬಿಳಿಯಾಗಿ ಮೂಡುತ್ತದೆ, ಬಹುಕಾಲ ಉಳಿಯುತ್ತದೆ, ಜನ ಅದಕ್ಕೆ ಹೆಚ್ಚು ಬೆಲೆ ಕೊಡುತ್ತಾರೆ ಎಂದು ಅವರು ಹೇಳುತ್ತಾರೆ.

ಕನ್ನಡಿಗರಿಗೆ ಇದು ಯಾವುದೆಂದು ಬಿಡಿಸಿ ಹೇಳಬೇಕಿಲ್ಲ. ಅದು ಕಡತ. ಬರೆಯುತ್ತಿದ್ದದ್ದು ಬಳಪದಿಂದ. ಇಂದು ತಾಲ್ಲೂಕು ಕಚೇರಿಯಲ್ಲಿ 'ಕಡತ ವಿಲೇವಾರಿ ಆಗಿಲ್ಲ' ಎಂದು ನಮ್ಮನ್ನು ವಾಪಸು ಕಳುಹಿಸುವಾಗ ಬಳಸುವುದೂ ಅದೇ ಪದ.

ಅಬ್ದುರ್ರಝಾಕ್ ಬರುವುದಕ್ಕೆ ನಾಲ್ಕು ವರ್ಷ ಮೊದಲು, 1439ರಲ್ಲಿ, ದೇವರಾಯನ ಸೇವೆಯಲ್ಲಿದ್ದ ಅಹ್ಮದ್ ಖಾನ್ ಎಂಬ ಅಧಿಕಾರಿ ಅದೇ ನಗರದಲ್ಲಿ ಇಂದು ನಾವು ಮಸೀದಿಯೆಂದು ಗುರುತಿಸುವ ಕಟ್ಟಡವನ್ನು ಕಟ್ಟಿಸಿದ್ದರು. ಅಲ್ಲಿನ ಶಾಸನ ಕನ್ನಡದಲ್ಲಿದೆ, ಕಟ್ಟಡವನ್ನು ಅದು ಧರ್ಮಸಾಲೆ ಎಂದು ಕರೆಯುತ್ತದೆ. ಹೇಳಿದ ಬಾಯಿ ಮುಸ್ಲಿಮನದು, ಬರಹ ಈ ನೆಲದ ಲಿಪಿಕಾರನದು. ಕರ್ನಾಟಕದ ಎಷ್ಟೋ ಶಾಸನಗಳ ಕೊನೆಯಲ್ಲಿ ಬರೆದ ಸೇನಬೋವನ ಹೆಸರೂ ಕಾಣಿಸುತ್ತದೆ. ಬರೆದವನು ತನ್ನ ಬರಹಕ್ಕೆ ಹೆಸರು ಕೊಟ್ಟು ಹೊಣೆ ಹೊರುವ ಪದ್ಧತಿ ಅದು. ಆ ಸೇನಬೋವನೇ ಕಾಲಕ್ರಮದಲ್ಲಿ ಶಾನುಭೋಗನಾದನು.

ಕಡತದ ವಿಷಯಕ್ಕೆ ಮರಳುತ್ತೇನೆ, ಏಕೆಂದರೆ ಮಾಲೀಕ ಮತ್ತು ಗುಮಾಸ್ತರ ಸಂಬಂಧದ ಸೂಕ್ಷ್ಮವೆಲ್ಲ ಆ ಕಪ್ಪು ಬಟ್ಟೆಯ ಮಡಿಕೆಗಳಲ್ಲಿದೆ. ಮೈಸೂರಿನಲ್ಲಿ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ 1810ರಲ್ಲಿ ಪ್ರಕಟವಾದ ತನ್ನ ಇತಿಹಾಸ ಗ್ರಂಥದಲ್ಲಿ ಅದನ್ನು ಬಣ್ಣಿಸಿದ್ದಾನೆ. ಎಂಟರಿಂದ ಹನ್ನೆರಡು ಅಂಗುಲ ಅಗಲ, ಹನ್ನೆರಡರಿಂದ ಹದಿನೆಂಟು ಅಡಿ ಉದ್ದದ ಹತ್ತಿಬಟ್ಟೆಗೆ ಎರಡೂ ಬದಿ ಅಂಟು ಮತ್ತು ಇದ್ದಿಲ ಪುಡಿಯ ಲೇಪ. ಒಣಗಿದ ಮೇಲೆ ಕತ್ತರಿಸದೆ ಸಮನಾಗಿ ಮಡಚಿ, ತುದಿಗಳಿಗೆ ಮರದ ಹಲಗೆ. ಉಳ್ಳವರ ಕಡತಕ್ಕೆ ಬಣ್ಣದ ಹಲಗೆ, ರೇಷ್ಮೆಯ ಚೀಲ. ಬಡವರದಕ್ಕೆ ಬರಿಯ ದಾರ. ಬರೆದದ್ದನ್ನು ಒರೆಸಬಹುದು, ಮತ್ತೆ ಬರೆಯಬಹುದು. ತನ್ನ ಕಾಲದಲ್ಲಿಯೂ ಮೈಸೂರು ಸೀಮೆಯ ವರ್ತಕರೂ ಅಂಗಡಿಕಾರರೂ ಇದನ್ನೇ ಬಳಸುತ್ತಿದ್ದರೆಂದೂ, ವರ್ತಕನೊಬ್ಬನ ಕಡತದಲ್ಲಿ ಸಾಕ್ಷಿ ಸಮೇತ ದಾಖಲಾಗಿದ್ದ ಸಾಲಪತ್ರವನ್ನು ಪುರಾವೆಯಾಗಿ ಸ್ವೀಕರಿಸಿದ್ದನ್ನು ತಾನೇ ನೋಡಿರುವುದಾಗಿಯೂ ಅವನು ಹೇಳುತ್ತಾನೆ.

ಒರೆಸಬಹುದಾದ ಪುಸ್ತಕ ಪುರಾವೆಯಾಗುವುದು ಹೇಗೆ? ಈ ಪ್ರಶ್ನೆ ಟಿಪ್ಪು ಸುಲ್ತಾನರಿಗೂ ಬಂದಿರಬೇಕು. ಸರ್ಕಾರಿ ಲೆಕ್ಕಗಳಿಗೆ ಕಡತ ಬಳಸುವುದನ್ನು ಅವರು ನಿಷೇಧಿಸಿದ್ದರೆಂದು ಅದೇ ವಿಲ್ಕ್ಸ್ ತಿಳಿಸುತ್ತಾನೆ. ಟಿಪ್ಪುವಿನ ಕಟು ಟೀಕಾಕಾರನಾದ ಅವನಿಗೆ ಈ ನಿಷೇಧ ಒಪ್ಪಿಗೆಯಾಗಿರಲಿಲ್ಲ, ಒಳ್ಳೆಯ ಕಾಗದಕ್ಕಿಂತಲೂ ಕಡತವೇ ಹೆಚ್ಚು ಬಾಳುತ್ತದೆ ಎಂಬುದು ಅವನ ವಾದ. ನನ್ನ ಮಟ್ಟಿಗೆ ಇಬ್ಬರ ಮಾತಿನಲ್ಲೂ ಸತ್ಯವಿದೆ. ರಾಜ್ಯದ ಲೆಕ್ಕವನ್ನು ಬರೆಯುವವನ ಮುಖವನ್ನು ಸುಲ್ತಾನರು ನಿತ್ಯ ನೋಡಲಾರರು, ಆದ್ದರಿಂದ ಒರೆಸಲಾಗದ ಕಾಗದ ಅವರಿಗೆ ಬೇಕು. ಅಂಗಡಿಯವನು ಮತ್ತು ಅವನ ಲೆಕ್ಕಿಗ ದಿನವೂ ಒಂದೇ ಜಮಖಾನೆಯ ಮೇಲೆ ಕುಳಿತುಕೊಳ್ಳುತ್ತಾರೆ. ಸಂಜೆ ಬರೆದದ್ದನ್ನು ಇಬ್ಬರೂ ಒಮ್ಮೆ ಹೇಳಿ ಕೇಳಿಕೊಂಡರೆ ರಾತ್ರಿ ಅದನ್ನು ಒರೆಸಿ ತಿದ್ದುವ ಧೈರ್ಯ ಯಾರಿಗೂ ಬರುವುದಿಲ್ಲ. ಕಡತದ ಭದ್ರತೆ ಇದ್ದದ್ದು ಆ ಸಂಜೆಯ ಮಾತುಕತೆಯಲ್ಲಿ.

ನಮ್ಮ ಅಂಗಡಿಗಳ ಲೆಕ್ಕದ ಭಾಷೆ ಬೆಳೆದ ಬಗೆಯೂ ಗಮನಾರ್ಹ. 1534ರಲ್ಲಿ ಪಟ್ಟಕ್ಕೆ ಬಂದ ಬಿಜಾಪುರದ ಒಂದನೆಯ ಇಬ್ರಾಹಿಂ ಆದಿಲ್‌ಶಾಹ್, ಅಲ್ಲಿಯವರೆಗೆ ಪಾರ್ಸಿಯಲ್ಲಿದ್ದ ಸರ್ಕಾರಿ ಲೆಕ್ಕಗಳನ್ನು ದೇಶಭಾಷೆಗೆ ಬದಲಿಸಿ ಬ್ರಾಹ್ಮಣ ಅಧಿಕಾರಿಗಳ ಕೈಗೊಪ್ಪಿಸಿದನೆಂದು ಇತಿಹಾಸಕಾರ ಫೆರಿಶ್ತಾ ಬರೆದಿದ್ದಾನೆ. ಲೆಕ್ಕದ ಭಾಷೆ ಬದಲಾಯಿತು, ಲೆಕ್ಕದ ಪದಗಳು ಉಳಿದವು. ಆ ಪದಗಳು ಮರಾಠಿಯ ಮೂಲಕವೂ ದಖ್ಖನಿಯ ಮೂಲಕವೂ ಕನ್ನಡದ ಅಂಗಡಿಗಳಿಗೆ ಹರಿದು ಬಂದವು. 'ಜಮಾ' ಎಂದರೆ ಕೂಡಿದ್ದು, 'ಖರ್ಚು' ಎಂದರೆ ಹೊರಹೋದದ್ದು, 'ವಸೂಲು' ಎಂದರೆ ತಲುಪುವುದು, 'ಬಾಕಿ' ಎಂದರೆ ಉಳಿದದ್ದು. ಇವೆಲ್ಲ ಅರಬಿ ಮೂಲದವು. 'ರಸೀದಿ' ಪಾರ್ಸಿಯದು, ಮುಟ್ಟಿತು ಎಂಬರ್ಥ. 'ಗುಮಾಸ್ತ'ನೂ ಪಾರ್ಸಿಯಿಂದ ಬಂದವನೇ, ನೇಮಕಗೊಂಡವನು ಎಂಬರ್ಥ. ಕಂಪ್ಲಿಯ ಲಿಂಗಾಯತ ವರ್ತಕರೂ ಹೊಸಪೇಟೆಯ ಮುಸ್ಲಿಂ ಮಂಡಿಯವರೂ ಈ ಪದಗಳನ್ನು ಸಮನಾಗಿ ಬಳಸುತ್ತಾರೆ, ಮೂಲದ ಚಿಂತೆ ಯಾರಿಗೂ ಇಲ್ಲ.

ಇವುಗಳಲ್ಲಿ ಅತ್ಯಂತ ಕುತೂಹಲಕರವಾದದ್ದು 'ಅಮಾನತ್'. ನಂಬಿ ಒಪ್ಪಿಸಿದ್ದು ಎಂಬುದು ಅದರ ಅರ್ಥ. ಹಿಜ್ರತ್‌ನ ರಾತ್ರಿ ಪ್ರವಾದಿ ಮುಹಮ್ಮದರು(ಸ) ಮಕ್ಕಾದ ಜನ ತಮ್ಮಲ್ಲಿ ಇರಿಸಿದ್ದ ಅಮಾನತ್‌ಗಳನ್ನು ಹಿಂದಿರುಗಿಸಲು ಅಲೀ(ರ)ರನ್ನು ಊರಿನಲ್ಲೇ ಬಿಟ್ಟು ಹೋದದ್ದು ಎಲ್ಲರಿಗೂ ತಿಳಿದ ಸಂಗತಿ. ಈ ಪದ ಕನ್ನಡದ ಲೆಕ್ಕದ ಪುಸ್ತಕಕ್ಕೆ ಬಂದು 'ಅನಾಮತ್ತು' ಆಯಿತು. ಯಾರ ಖಾತೆಗೆ ಸೇರಿಸಬೇಕೆಂದು ಇನ್ನೂ ತೀರ್ಮಾನವಾಗದ ಹಣವನ್ನು ಗುಮಾಸ್ತರು ಅನಾಮತ್ತು ಖಾತೆಗೆ ಬರೆದಿಡುತ್ತಾರೆ. ಸರ್ಕಾರಿ ನೌಕರನನ್ನು ಕೆಲಸದಿಂದ ತಾತ್ಕಾಲಿಕವಾಗಿ ದೂರವಿರಿಸಿದಾಗ ಪತ್ರಿಕೆಗಳು 'ಅಮಾನತು' ಎಂದು ಬರೆಯುವುದೂ ಇದೇ ಪದವನ್ನು. ನಂಬಿಕೆಯ ಪದ ಸಂಶಯದ ಪದವಾದ ಪಯಣ ವಿಚಿತ್ರವಾದದ್ದೇ.

ಅನಾಮತ್ತು ಖಾತೆ ಎಂದೊಡನೆ ನನಗೆ ನೆನಪಾಗುವುದು ನನ್ನ ತಾತನ ಬಾಳೆಕಾಯಿ ಮಂಡಿ. ಕಂಪ್ಲಿ ಸುತ್ತಿನ ಹಳ್ಳಿಗಳಿಂದ ರೈತರು ಗೊನೆಗಳನ್ನು ತಂದು ಹಾಕುತ್ತಿದ್ದರು, ತಾತ ಕಮಿಷನ್ ಹಿಡಿದು ಮಾರಿಸುತ್ತಿದ್ದರು. ಅವರಿಗೆ ಕುರ್‌ಆನ್ ಓದಲು ಬರುತ್ತಿತ್ತು, ಉರ್ದು ಒಂದಿಷ್ಟು ಬರುತ್ತಿತ್ತು, ಕನ್ನಡ ಅಕ್ಷರ ಬರುತ್ತಿರಲಿಲ್ಲ. ಲೆಕ್ಕ ಬರೆಯುತ್ತಿದ್ದವರು ಹಳೆಯ ಶಾನುಭೋಗ ಮನೆತನದವರು. ಹಳ್ಳಿಯ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಪಡಿಸಿದ ಕಾಯಿದೆ 1963ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಮೇಲೆ ಅವರ ಮನೆಗೆ ಬರುತ್ತಿದ್ದ ಆದಾಯ ನಿಂತಿತ್ತು. ಕೈಬರಹ ಮತ್ತು ಲೆಕ್ಕ ಎರಡೇ ಆಸ್ತಿಯಾಗಿ ಉಳಿದಿದ್ದವು. ತಾತ ಅವರನ್ನು 'ಗುಮಾಸ್ತ್ರೆ' ಎಂದೂ, ಅವರು ತಾತನನ್ನು 'ಸಾಹೇಬ್ರೆ' ಎಂದೂ ಕರೆಯುತ್ತಿದ್ದರು. ಪ್ರತಿ ರಾತ್ರಿ ಇಶಾ ನಮಾಝಿನ ನಂತರ ಗುಮಾಸ್ತರು ಅಂದಿನ ಕಿರ್ದಿಯನ್ನು ಗಟ್ಟಿಯಾಗಿ ಓದುವರು. ತಾತ ಕಣ್ಣು ಮುಚ್ಚಿ ಕೇಳುತ್ತ ಪ್ರತಿ ಸಾಲಿಗೂ 'ಹ್ಞೂಂ' ಎನ್ನುವರು. 'ಹ್ಞೂಂ' ಬಾರದಿದ್ದರೆ ಓದು ಅಲ್ಲಿಯೇ ನಿಲ್ಲುತ್ತಿತ್ತು.

ಒಂದು ರಾತ್ರಿ ಶಿಲ್ಕು ತಾಳೆಯಾಗಲಿಲ್ಲ. ಮುನ್ನೂರು ರೂಪಾಯಿ ಕಡಿಮೆ. ಆ ಕಾಲಕ್ಕೆ ಅದು ಸಣ್ಣ ಮೊತ್ತವೇನಲ್ಲ. ತಾತ ಹಮಾಲರ ಎದುರಿನಲ್ಲೇ ಆಡಬಾರದ ಮಾತೊಂದನ್ನು ಆಡಿಬಿಟ್ಟರು. ಗುಮಾಸ್ತರು ಉತ್ತರ ಕೊಡದೆ ಮುನ್ನೂರನ್ನು ಅನಾಮತ್ತು ಖಾತೆಗೆ ಬರೆದು ಮನೆಗೆ ಹೋದರು, ಮರುದಿನ ಎಂದಿನಂತೆ ಬಂದರು. ನಾಲ್ಕನೆಯ ದಿನ ತಾತನಿಗೆ ನೆನಪಾಯಿತು: ಆಸ್ಪತ್ರೆಗೆ ಹೊರಟಿದ್ದ ಸಂಬಂಧಿಕರೊಬ್ಬರಿಗೆ ತಾವೇ ಪೆಟ್ಟಿಗೆಯಿಂದ ತೆಗೆದು ಕೊಟ್ಟಿದ್ದರು. ಅದೇ ಹಮಾಲರನ್ನು ಕರೆದು ನಿಲ್ಲಿಸಿಕೊಂಡು, "ತಪ್ಪು ನಂದು ಗುಮಾಸ್ತ್ರೆ, ನಿಮ್ಮದಲ್ಲ" ಎಂದರು. ಗುಮಾಸ್ತರು ಹೇಳಿದ್ದು ಇಷ್ಟೇ ಎಂದು ಅಪ್ಪ ನೆನೆಯುತ್ತಿದ್ದರು: "ನೀವು ಹೇಳಿದ್ದನ್ನ ಬರೀತೀನ್ರಿ ಸಾಹೇಬ್ರೆ, ಹೇಳದಿದ್ದನ್ನ ಹೆಂಗ ಬರೀಲಿ?"

ಆಡಿಟರ್ ಎಂಬ ಪದದ ಮೂಲಾರ್ಥ ಕೇಳುವವನು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಲ್ಯಾಟಿನ್ ಭಾಷೆಯ ಆ ಪದ ಯುರೋಪಿನಲ್ಲಿ ಲೆಕ್ಕವನ್ನು ಗಟ್ಟಿಯಾಗಿ ಓದಿಸಿ ಕೇಳುತ್ತಿದ್ದ ಕಾಲದಿಂದ ಉಳಿದು ಬಂದದ್ದು. ಹಾಗೆ ನೋಡಿದರೆ ನಮ್ಮ ಮಂಡಿಯ ಆಡಿಟರ್ ಅಕ್ಷರ ಬಾರದ ತಾತನೇ.

ತಾತನ ಕಾಲಕ್ಕಾಗಲೇ ಈ ಪುಸ್ತಕಕ್ಕೆ ಮೂರನೆಯ ಓದುಗನೊಬ್ಬ ಬಂದಾಗಿತ್ತು. ಬಳ್ಳಾರಿ ಜಿಲ್ಲೆ 1800ರಿಂದ 1953ರವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಸಿ. ರಾಜಗೋಪಾಲಾಚಾರಿಯವರ ಸರ್ಕಾರ 1939ರಲ್ಲಿ ಅಲ್ಲಿ ಸಾಮಾನ್ಯ ಮಾರಾಟ ತೆರಿಗೆಯನ್ನು ಜಾರಿಗೆ ತಂದಿತು. ದೇಶದಲ್ಲಿ ಅಂಥ ತೆರಿಗೆ ಅದೇ ಮೊದಲನೆಯದು. ವರ್ಷಕ್ಕೆ ಹತ್ತು ಸಾವಿರ ರೂಪಾಯಿಗಿಂತ ಕಡಿಮೆ ವಹಿವಾಟಿನವರಿಗೆ ವಿನಾಯಿತಿಯಿತ್ತು. ಮೈಸೂರು ಸಂಸ್ಥಾನದ ವ್ಯಾಪಾರಿಗೆ ಈ ಬಿಸಿ ತಟ್ಟಿದ್ದು 1948ರಲ್ಲಿ. ಘೋರ್ಪಡೆ ಮನೆತನದ ಸಂಡೂರು 1949ರವರೆಗೂ ಪ್ರತ್ಯೇಕ ಸಂಸ್ಥಾನವಾಗಿತ್ತು, ಮದ್ರಾಸಿನ ಕಾಯಿದೆ ಅಲ್ಲಿ ನೇರವಾಗಿ ನಡೆಯುವಂತಿರಲಿಲ್ಲ. ಒಂದು ಘಟ್ಟ ದಾಟಿದರೆ ಕಾಯಿದೆಯೇ ಬೇರೆ. ಹೊಸಪೇಟೆ, ಕಂಪ್ಲಿಗಳ ಅಂಗಡಿಕಾರ ಮಾತ್ರ ತನ್ನ ಪುಸ್ತಕವನ್ನು ಅಧಿಕಾರಿಯೊಬ್ಬನ ಮುಂದೆ ಬಿಚ್ಚಿಡುವುದನ್ನು ಬೇಗನೆ ಕಲಿಯಬೇಕಾಯಿತು.

ಇಲ್ಲಿಂದ ಸಂಬಂಧದ ಸ್ವರೂಪವೇ ಬದಲಾಯಿತು. ಗುಮಾಸ್ತ ಬರೀ ಬರೆಯುವವನಾಗಿ ಉಳಿಯಲಿಲ್ಲ, ಮಾಲೀಕನ ಪರವಾಗಿ ಕಚೇರಿಗೆ ಹೋಗಿ ಮಾತನಾಡುವವನೂ ಆದನು. ಜೊತೆಗೆ ಹುಟ್ಟಿದ್ದು ಎರಡನೆಯ ಪುಸ್ತಕ. ಅಂಗಡಿಗೊಂದು, ಇಲಾಖೆಗೊಂದು. 'ನಂಬರ್ ಟು' ಲೆಕ್ಕವೆಂದರೆ ಇಂದಿಗೂ ಯಾರಿಗೂ ವಿವರಿಸಬೇಕಿಲ್ಲ. ಎರಡು ಪುಸ್ತಕ ಬರೆಯಿಸುವ ಮಾಲೀಕ ತನ್ನ ಗುಮಾಸ್ತನಿಗೆ ಸುಳ್ಳು ಬರೆಯುವುದನ್ನು ಸಂಬಳ ಕೊಟ್ಟು ಕಲಿಸುತ್ತಾನೆ. ಆಮೇಲೆ ಅದೇ ಗುಮಾಸ್ತ ತನ್ನ ವಿಷಯದಲ್ಲಿ ಮಾತ್ರ ಸತ್ಯವಂತನಾಗಿರಲೆಂದು ಬಯಸುತ್ತಾನೆ. ಸೂಕ್ತದಲ್ಲಿ ಬರೆಯುವವನಿಗೆ ಆಗಬಾರದೆಂದು ಹೇಳಿರುವ ಹಾನಿಯ ಪೈಕಿ ಇದನ್ನೂ ಎಣಿಸಬೇಕೆಂಬುದು ನನ್ನ ಅಭಿಪ್ರಾಯ. ಸಿಕ್ಕಿಬಿದ್ದಾಗ ಕಚೇರಿಯ ಮೆಟ್ಟಿಲ ಮೇಲೆ ಮೊದಲು ತಲೆ ತಗ್ಗಿಸಿ ನಿಲ್ಲುವವನು ಅವನೇ.

ಪ್ರವಾದಿವರ್ಯರ(ಸ) ಕಾಲದ ಒಂದು ಘಟನೆ ಬುಖಾರಿಯಲ್ಲಿ ದಾಖಲಾಗಿದೆ. ಝಕಾತ್ ಸಂಗ್ರಹಕ್ಕೆ ಹೋಗಿದ್ದ ಇಬ್ನುಲ್ ಲುತ್ಬಿಯ್ಯಃ ಎಂಬವರು ಹಿಂದಿರುಗಿ, ತಂದದ್ದರಲ್ಲಿ ಒಂದು ಭಾಗವನ್ನು ಒಪ್ಪಿಸಿ, ಉಳಿದದ್ದು ಜನ ತಮಗೆ ಉಡುಗೊರೆಯಾಗಿ ಕೊಟ್ಟದ್ದೆಂದರು. ಪ್ರವಾದಿಯವರು(ಸ) ಅವರಿಂದ ಲೆಕ್ಕ ಕೇಳಿದರು. ತಂದೆ ತಾಯಿಯ ಮನೆಯಲ್ಲಿ ಕುಳಿತಿದ್ದರೆ ಆ ಉಡುಗೊರೆ ಬರುತ್ತಿತ್ತೇ ಎಂಬ ಅರ್ಥದ ಪ್ರಶ್ನೆಯನ್ನೆತ್ತಿದರು. ಹೆಸರನ್ನು ಎತ್ತಿ ಅವಮಾನಿಸದೆ, ಸಭೆಯಲ್ಲಿ ಸಾಮಾನ್ಯವಾಗಿ ಆ ಪದ್ಧತಿಯನ್ನು ಖಂಡಿಸಿದರು. ನಂಬಿಕಸ್ತನೆಂದು ನೇಮಿಸಿದವನಿಂದಲೂ ಲೆಕ್ಕ ಕೇಳುವುದು ಅವಿಶ್ವಾಸವಲ್ಲ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗಲಾರದು. ನಮ್ಮಲ್ಲಿ ಅನೇಕರು ಆಡಿಟರನ್ನು ಕೇಳಲು ಸಂಕೋಚಪಡುವುದು ಅವರಿಗೆ ಬೇಸರವಾದೀತೆಂದು. ಕಸುಬು ಬಲ್ಲ ಯಾವ ಆಡಿಟರಿಗೂ ಬೇಸರವಾಗುವುದಿಲ್ಲ.

2011ರ ಜುಲೈ ಕೊನೆಯ ದಿನಗಳನ್ನು ನಮ್ಮ ಸೀಮೆಯವರು ಮರೆತಿಲ್ಲ. ಲೋಕಾಯುಕ್ತ ವರದಿಯ ಬೆನ್ನಲ್ಲೇ ಸುಪ್ರೀಂ ಕೋರ್ಟ್ ಜುಲೈ 29ರಂದು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಂಪಿಯ ವಿರೂಪಾಕ್ಷ ಬಜಾರಿನ ಅಂಗಡಿ ಮನೆಗಳನ್ನು ತೆರವುಗೊಳಿಸಲಾಯಿತು. ಸಂಡೂರು ಹೊಸಪೇಟೆ ರಸ್ತೆಯ ಬದಿಯಲ್ಲಿ ಲಾರಿಗಳು ಸಾಲುಗಟ್ಟಿ ನಿಂತವು. ದೊಡ್ಡವರ ಲೆಕ್ಕವನ್ನು ನ್ಯಾಯಾಲಯಗಳು ನೋಡಿಕೊಂಡವು. ಸಾಲ ಮಾಡಿ ಒಂದು ಲಾರಿ ಕೊಂಡವನ ಕಂತು ಮಾತ್ರ ತಿಂಗಳು ತಿಂಗಳೂ ಬರುತ್ತಲೇ ಇತ್ತು. ನನಗೆ ಗೊತ್ತಿದ್ದ ಒಬ್ಬರು ಸಾಲದ ಅವಧಿ ವಿಸ್ತರಿಸಿಕೊಳ್ಳಲು ಬ್ಯಾಂಕಿಗೆ ಹೋದಾಗ ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆ ವಿವರಗಳನ್ನು ಕೇಳಿದರು. ಅವರ ಕಾಗದಗಳ ಪ್ರಕಾರ ಅವರ ಆದಾಯ ಒಬ್ಬ ಕ್ಲೀನರ್ ಹುಡುಗನ ಆದಾಯಕ್ಕಿಂತ ಹೆಚ್ಚೇನೂ ಇರಲಿಲ್ಲ. "ಹಂಗ ತೋರಿಸ್ರಿ ಅಂದವ್ನು ನಾನೇ" ಎಂದು ಅವರು ನನ್ನೆದುರು ಒಪ್ಪಿಕೊಂಡದ್ದುಂಟು. ತೆರಿಗೆಯಲ್ಲಿ ಉಳಿಸಿದ ಕೆಲವು ಸಾವಿರಗಳಿಗೆ ಲಾರಿಯನ್ನೇ ತೆತ್ತಂತಾಯಿತು.

2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಗುಮಾಸ್ತನ ಕೆಂಪು ಬಟ್ಟೆಯ ಪುಸ್ತಕದ ಜಾಗವನ್ನು ಟ್ಯಾಲಿ ಆಕ್ರಮಿಸಿತು, ಆಡಿಟರ್ ಕಚೇರಿಯಲ್ಲಿ ನಮ್ಮ ಮೊಬೈಲಿಗೆ ಬರುವ ಓಟಿಪಿ ಸಹಿಯ ಜಾಗಕ್ಕೆ ಬಂತು. ಎಷ್ಟೋ ಜನ ಫೋನಿನಲ್ಲಿ ಓಟಿಪಿ ಹೇಳಿಬಿಡುತ್ತಾರೆ, ಯಾವ ಕಾಗದಕ್ಕೆ ಎಂದು ಕೇಳುವುದಿಲ್ಲ. ಬಾಯಿ ಇನ್ನೂ ನಮ್ಮದೇ, ಆದರೆ ಅದರಿಂದ ಹೊರಡುವುದು ಆರು ಅಂಕಿಗಳು ಮಾತ್ರ.

2025ರ ಜುಲೈನಲ್ಲಿ ಯುಪಿಐ ಮೂಲಕ ಬಂದ ಹಣದ ವಿವರ ಆಧರಿಸಿ ವಾಣಿಜ್ಯ ತೆರಿಗೆ ಇಲಾಖೆ ರಾಜ್ಯದ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಆದ ಗಾಬರಿ ಇನ್ನೂ ಹಸಿಯಾಗಿದೆ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷಗಳ 1.63 ಕೋಟಿ ರೂಪಾಯಿ ವಹಿವಾಟಿನ ಮೇಲೆ 29 ಲಕ್ಷ ತೆರಿಗೆ ಕೇಳಿದ್ದನ್ನು ಪತ್ರಿಕೆಗಳು ವರದಿ ಮಾಡಿದವು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಪ್ರತಿಭಟನೆಯ ನಂತರ ಸರ್ಕಾರ ಇಂಥ ವ್ಯಾಪಾರಿಗಳ ವಿಷಯದಲ್ಲಿ ಹಿಂದೆ ಸರಿಯಿತು. ಆದರೆ ಆ ವಾರ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಫಲಕ ಮಾಯವಾಗಿ 'ನಗದು ಮಾತ್ರ' ಎಂಬ ಚೀಟಿ ಅಂಟಿತು. ಸರಕಿನ ವ್ಯಾಪಾರಕ್ಕೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಬೇಕು. ಇಷ್ಟು ಸಣ್ಣ ಸಂಗತಿಯನ್ನು ವಿಚಾರಿಸಲು ಒಬ್ಬ ಲೆಕ್ಕ ಬಲ್ಲವನ ಬಳಿ ಅರ್ಧ ಗಂಟೆ ಕುಳಿತುಕೊಳ್ಳದೆ ಇದ್ದವರು ಬಹಳ ಮಂದಿ. ಫೋನು ಎಲ್ಲವನ್ನೂ ಬರೆದುಕೊಳ್ಳುತ್ತದೆ. ಅಣ್ಣ ಕಳುಹಿಸಿದ ಸಾಲ ಯಾವುದು, ಮಾರಾಟದ ಹಣ ಯಾವುದು ಎಂದು ಹೇಳುವ ಬಾಯಿ ಅದಕ್ಕಿಲ್ಲ.

ಝಕಾತಿನ ವಿಷಯವನ್ನೂ ಇಲ್ಲಿ ಹೇಳಲೇಬೇಕು. ರಮಝಾನಿನಲ್ಲಿ ಆಡಿಟರಿಗೆ ಫೋನ್ ಮಾಡಿ ಮಾರ್ಚ್ 31ರ ಅಂಕಿಯನ್ನು ಪಡೆದು ಅದರ ಶೇ. 2.5 ಕೊಟ್ಟು ಮುಗಿಸುವವರಿದ್ದಾರೆ. ಆ ಅಂಕಿ ತೆರಿಗೆಗಾಗಿ ತಯಾರಾದದ್ದು. ಅದರಲ್ಲಿ ದಾಸ್ತಾನಿನ ಬೆಲೆಯನ್ನು ಕೊಂಡ ದರ ಮತ್ತು ಮಾರುಕಟ್ಟೆ ದರಗಳಲ್ಲಿ ಯಾವುದು ಕಡಿಮೆಯೋ ಅದರಂತೆ ಹಿಡಿದಿರುತ್ತಾರೆ, ಝಕಾತಿಗೆ ಬೇಕಾದದ್ದು ಇಂದಿನ ಮಾರುಕಟ್ಟೆ ಬೆಲೆ. ತೆರಿಗೆಯ ವರ್ಷ 365 ದಿನಗಳದು, ಝಕಾತಿನದು ಚಾಂದ್ರಮಾನದ 354 ದಿನಗಳದು. ಅಂದಾಜು ಲಾಭದ ಯೋಜನೆಯಲ್ಲಿರುವವರು ವಹಿವಾಟಿನ ಶೇ. 8ನ್ನು, ಬ್ಯಾಂಕ್ ಮೂಲಕ ಬಂದದ್ದಕ್ಕೆ ಶೇ. 6ನ್ನು ಲಾಭವೆಂದು ತೋರಿಸಿರುತ್ತಾರೆ, ನಿಜವಾದ ದಾಸ್ತಾನಿನ ಪಟ್ಟಿಯೇ ಇರುವುದಿಲ್ಲ. ನಮ್ಮೂರಿನ ಬಹುಪಾಲು ಆಡಿಟರುಗಳು ಮುಸ್ಲಿಮೇತರರು. ಬೇಕಾದದ್ದೇನೆಂದು ಹೇಳಿದರೆ ಅವರು ಶ್ರದ್ಧೆಯಿಂದ ಪಟ್ಟಿ ಮಾಡಿಕೊಡುತ್ತಾರೆ, ಹೇಳಬೇಕಾದವರು ನಾವು. ವರ್ಷಪೂರ್ತಿ ಅವರ ಶುಲ್ಕವನ್ನು ಬಾಕಿ ಉಳಿಸಿಕೊಂಡು, ಕೂಲಿಕಾರನ ಬೆವರು ಆರುವ ಮೊದಲೇ ಕೂಲಿ ಕೊಡಬೇಕೆಂಬ ಪ್ರವಾದಿ ಬೋಧನೆಯನ್ನು ಜುಮಾ ಪ್ರವಚನದಲ್ಲಿ ಕೇಳಿ ತಲೆದೂಗುವುದು ಎಂಥ ಧಾರ್ಮಿಕತೆಯೋ ತಿಳಿಯದು.

ತಾತ ತೀರಿಕೊಂಡ ವಾರದ ಒಂದು ಸಂಜೆಯನ್ನು ಅಪ್ಪ ಹೇಳುತ್ತಿದ್ದರು. ಮೃತರ ಸಾಲ ತೀರಿಸದೆ ಆಸ್ತಿ ಹಂಚಿಕೊಳ್ಳುವಂತಿಲ್ಲವೆಂಬುದು ಕುರ್‌ಆನಿನ ವಿಧಿ. ಯಾರಿಗೆ ಎಷ್ಟು ಕೊಡಬೇಕೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗುಮಾಸ್ತರು ಪುಸ್ತಕ ತಂದರು. ಅಪ್ಪ, ಚಿಕ್ಕಪ್ಪಂದಿರು, ಪರದೆಯಾಚೆ ಅಜ್ಜಿ ಕುಳಿತು ಕೇಳಿದರು. ಒಬ್ಬೊಬ್ಬ ರೈತನ ಹೆಸರು, ಊರು, ಬಾಕಿ. ಪ್ರತಿ ಸಾಲಿಗೂ ಅಪ್ಪ 'ಹ್ಞೂಂ' ಎನ್ನುತ್ತಿದ್ದರು. ಪಟ್ಟಿ ಮುಗಿಯಿತೆಂದು ಗುಮಾಸ್ತರು ಪುಸ್ತಕ ಮುಚ್ಚಲು ಹೋದಾಗ, ಪಕ್ಕದಲ್ಲಿದ್ದ ಅಪ್ಪನಿಗೆ ಪುಟದ ಕೆಳಗೆ ಇನ್ನೂ ಒಂದು ಸಾಲು ಕಂಡಿತು. ಎರಡು ತಿಂಗಳ ಸಂಬಳ, ಗುಮಾಸ್ತರದೇ ಹೆಸರು, ಅವರದೇ ಅಕ್ಷರ. ಅಪ್ಪ ಪುಸ್ತಕವನ್ನು ಅವರ ಕೈಯಿಂದ ತೆಗೆದುಕೊಂಡು ಆ ಸಾಲನ್ನು ತಾವೇ ಗಟ್ಟಿಯಾಗಿ ಓದಿದರು. ಪರದೆಯ ಆಚೆಯಿಂದ ಅಜ್ಜಿ 'ಹ್ಞೂಂ' ಎಂದರು.